ಬಾಯಿ ತಪ್ಪಿ ಬಂದ ಬಿಲ್ಲುಗಾರ

ಹಲ್ಲಿನ ಸೆಟ್ಟು ಮಾಡುವವನ ಕೈ ಎಷ್ಟು ನೆಟ್ಟಗೋ ನಾಲಿಗೆ ಅಷ್ಟೇ ಸೊಟ್ಟ. ವಾರವೆಲ್ಲ ಅಂಗಡಿಯಲ್ಲಿ ಪ್ಲಾಸ್ಟರ್ ಅಚ್ಚುಗಳ ನಡುವೆ ಕೂತು ಮೇಣದಲ್ಲಿ ಒಂದೊಂದೇ ಹಲ್ಲು ನಿಲ್ಲಿಸುತ್ತಿದ್ದ. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕಿತ್ತು ಮತ್ತೆ ಕೂರಿಸುತ್ತಿದ್ದ. ಭಾನುವಾರ ಮಧ್ಯಾಹ್ನ ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಿಳಿ ಧೂಳು ಒರೆಸಿದ ಉದ್ದ ಮೇಜಿನ ತುದಿಗೆ ಕೂತನೆಂದರೆ ಅವನು ‘ಮೇಷ್ಟ್ರು’. ಕತೆ ಕಟ್ಟಿ ಆಡುವ ಆಟ ಅದು. ಕಾಡು, ಕೋಟೆ, ಕಳ್ಳರನ್ನೆಲ್ಲ ಮೇಷ್ಟ್ರು ಬಾಯಲ್ಲೇ ಹುಟ್ಟಿಸಬೇಕು. ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳಬೇಕು. ಆಗುತ್ತೋ ಇಲ್ಲವೋ ಎಂಬ ಅನುಮಾನ ಬಂದರೆ ಇಪ್ಪತ್ತು ಮುಖದ ದಾಳ ಹಾಕುವುದು. ಹೆಚ್ಚು ಬಿದ್ದರೆ ಗೆದ್ದೆವು, ಕಡಿಮೆ ಬಿದ್ದರೆ ಹಣೆಬರಹ.

ಆ ಮೇಜಿಗೆ ಒಂದು ಕಟ್ಟಳೆಯಿತ್ತು: ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೇಷ್ಟ್ರ ಬಾಯಿಂದ ಬಂದದ್ದು ಆ ಲೋಕದಲ್ಲಿ ನಿಜ, ವಾಪಸ್ ಇಲ್ಲ. ಇಂಥ ನಾಲಿಗೆಯವನಿಗೆ ಇಂಥ ಕಟ್ಟಳೆ! ಒಮ್ಮೆ ಗುಡುಗುವ ದನಿಯಲ್ಲಿ, “ರಾಕ್ಷಸ ಬಾಯಿ ತೆರೆದ, ಮೇಲಿನ ಸೆಟ್ಟು ಸ್ವಲ್ಪ ಲೂಸಾಗಿತ್ತು” ಎಂದುಬಿಟ್ಟ. ಮುಗೀತು. ಅಂದಿನಿಂದ ಆ ರಾಕ್ಷಸ ಮಲಗುವ ಮುನ್ನ ಹಲ್ಲು ತೆಗೆದು ನೀರಿನ ಲೋಟದಲ್ಲಿಡತೊಡಗಿದ, ಇವರು ಲೋಟವನ್ನೇ ಕದ್ದು ಯುದ್ಧ ಗೆದ್ದರು. ಇನ್ನೊಮ್ಮೆ, ತಿಂಗಳುಗಟ್ಟಲೆ ಮುಚ್ಚಿಟ್ಟುಕೊಂಡು ಬಂದ ಗುಟ್ಟನ್ನು, “ಆಗ ಕೊಲೆಗಾರ... ಅಲ್ಲಲ್ಲ, ಸನ್ಯಾಸಿ ಕಣ್ಣು ತೆರೆದ” ಎಂದು ಒಂದೇ ಉಸಿರಿನಲ್ಲಿ ಹಾಳು ಮಾಡಿದ. ಆಟಕ್ಕೆ ಬರುತ್ತಿದ್ದ ಬಸ್ ಡ್ರೈವರ್ ನಕ್ಕೂ ನಕ್ಕೂ ಕುರ್ಚಿಯಿಂದ ಜಾರಿದ್ದ. ಜೊತೆಗೆ ಆಡುವ ಔಷಧಿ ಅಂಗಡಿಯವಳಿಗೆ ಬಿಕ್ಕಳಿಕೆ ಹತ್ತಿತ್ತು.

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅವನ ಭಾವ, ಅಕ್ಕನ ಗಂಡ. ಆಟದಲ್ಲಿ ಭಾವ ಬಿಲ್ಲುಗಾರ, ಅಕ್ಕ ಕತ್ತಿ ಹಿಡಿದ ದಳವಾಯಿ. ಕಳೆದ ವರ್ಷ ಒಂದು ಬೆಳಿಗ್ಗೆ ಗಂಡ ಹೆಂಡತಿ ಹಳೆಯ ಸೋಫಾ ಬಿಸಾಡಬೇಕೋ ಇಟ್ಟುಕೊಳ್ಳಬೇಕೋ ಎಂದು ಜಗಳವಾಡಿದರು. ಭಾವ ಬಾಗಿಲು ಬಡಿದುಕೊಂಡು ಗೋದಾಮಿನ ಕೆಲಸಕ್ಕೆ ಹೋದ. ಅಲ್ಲೇ ಎದೆ ಹಿಡಿದುಕೊಂಡು ಕುಸಿದ. ಅಷ್ಟೇ.

ಅಕ್ಕ ಆಮೇಲೆ ಮನೆಯ ಪರದೆ ಸರಿಸಲಿಲ್ಲ. ಯಾರ ಫೋನೂ ಎತ್ತಲಿಲ್ಲ. ತಮ್ಮ ಗೋಗರೆದು, ಬೈದು, ಕೊನೆಗೆ ಕೈ ಹಿಡಿದು ಎಳೆದು ತಂದದ್ದು ಈ ಮೇಜಿಗೆ ಮಾತ್ರ. ಇದೂ ತಪ್ಪಿದರೆ ಅವಳು ಮತ್ತೆ ಬಾಗಿಲು ಹಾಕಿಕೊಳ್ಳುತ್ತಾಳೆ, ಇನ್ನು ತೆರೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಬಿಲ್ಲುಗಾರನನ್ನು ಕೊಲ್ಲುವ ಧೈರ್ಯ ಅವನಿಗಿರಲಿಲ್ಲ. ಗಡಿ ಕಾಯಲು ಹೋಗಿದ್ದಾನೆ ಎಂದು ಹೇಳಿ ಸುಮ್ಮನಾಗಿದ್ದ. ಯಾರೂ ಕೆದಕಲಿಲ್ಲ.

ಆದರೆ ನಾಲಿಗೆಯನ್ನು ನಂಬುವುದು ಹೇಗೆ? ಶನಿವಾರ ಬಂತೆಂದರೆ ಅವನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಬಾಯಿ ತಪ್ಪಿ ನಾಲ್ವರು ಎನ್ನದಿರಲೆಂದು ಪಾಲಿಶ್ ಚಕ್ರ ತಿರುಗಿಸುತ್ತ “ನೀವು ಮೂವರು, ನೀವು ಮೂವರು” ಎಂದು ಗುನುಗುತ್ತಿದ್ದ. ಹೀಗೆ ಗುನುಗುತ್ತ ಯಾರದೋ ಬಾಚಿಹಲ್ಲನ್ನು ಅರ್ಧ ಸವೆಸಿಬಿಟ್ಟ. ತನ್ನ ತಲೆಗೆ ತಾನೇ ಮೊಟಕಿಕೊಂಡ.

ಆ ಭಾನುವಾರ ಎಲ್ಲ ಸರಿಯಾಗಿಯೇ ನಡೆದಿತ್ತು. ಹಿಮ ಬೀಳುವ ಕಣಿವೆ ದಾಟಿ ಇವರು ಒಂದು ಛತ್ರ ತಲುಪಿದರು. ಡ್ರೈವರ್ ಕುದುರೆ ಕಟ್ಟಿದ, ಔಷಧಿ ಅಂಗಡಿಯವಳು ಬಾಗಿಲು ತಟ್ಟಿದಳು. ಮೇಷ್ಟ್ರಿಗೆ ಕತೆಯ ಹುಮ್ಮಸ್ಸು ಏರಿತ್ತು. “ಬಾಗಿಲು ತೆರೀತು. ನಾಲ್ಕೂ ಜನ ಒಳಗೆ ಬಂದ್ರಿ. ಬಿಲ್ಲುಗಾರ ಹೋಗಿ ಬೆಂಕಿ ಹತ್ರ ಬೆಂಚಿನ ಮೇಲೆ ಕೂತ.”

ಅವನು ನಾಲಿಗೆ ಕಚ್ಚಿಕೊಂಡ.

“ಇಲ್ಲ ಅಕ್ಕ, ಬಾಯಿ ತಪ್ಪಿ ಬಂತು... ಮೂವರು. ಮೂವರೇ.”

“ಹೇಳಿದ್ದು ಹೇಳಿದ್ದೇ ಮೇಷ್ಟ್ರೇ,” ಎಂದಳು ಅಕ್ಕ. ದನಿ ತೆಳ್ಳಗಿತ್ತು.

“ಬಿಡಿ ಅಕ್ಕಾ, ಟೀ ಕುಡಿಯೋಣ,” ಎಂದು ಡ್ರೈವರ್ ಎದ್ದ.

“ಕೂತ್ಕೊಳ್ಳಪ್ಪ ನೀನು.” ಅವಳು ತಮ್ಮನನ್ನೇ ನೋಡಿದಳು. “ನನ್ನ ದಳವಾಯಿ ಅವರ ಹತ್ರ ಹೋಗ್ತಾಳೆ. ಅವತ್ತಿನ ಕೋಪ ಇಳೀತಾ ಅಂತ ಕೇಳ್ತಾಳೆ.”

ಏನು ಹೇಳಬೇಕು? ಇಳಿಯಿತು ಎಂದರೆ ಸತ್ತವನ ಬಾಯಲ್ಲಿ ಸುಳ್ಳು ಹೇಳಿಸಿದಂತೆ. ಇಳಿದಿಲ್ಲ ಎನ್ನಲು ಅವನೇನು ಕಟುಕನೇ? ಉತ್ತರ ತಿಳಿಯದೆ ಹೋದಾಗಲೆಲ್ಲ ಇಷ್ಟು ವರ್ಷ ಯಾವ ಮಾತು ಹೇಳಿ ಬಚಾವಾಗಿದ್ದನೋ ಅದೇ ಮಾತು ತಾನಾಗಿ ಹೊರಬಂತು.

“ದಾಳ ಹಾಕು.”

ಅಯ್ಯೋ ಮಾರಾಯ! ಔಷಧಿ ಅಂಗಡಿಯವಳು ಬಾಯಿಗೆ ಕೈ ಅಡ್ಡ ಹಿಡಿದಳು. ಗಂಡ ಕ್ಷಮಿಸಿದನೋ ಇಲ್ಲವೋ ಎಂಬುದಕ್ಕೆ ದಾಳ ಹಾಕು ಎಂದು ಒಡಹುಟ್ಟಿದವಳಿಗೆ ಹೇಳಿದ ಪಾಪಿ ಈ ಭೂಮಿಯ ಮೇಲೆ ಬೇರೆ ಇರಲಾರ. ಕಿತ್ತುಕೊಳ್ಳೋಣವೆಂದು ಅವನು ಕೈ ಚಾಚುವುದರೊಳಗೆ ದಾಳ ಅವಳ ಮುಷ್ಟಿಯಲ್ಲಿತ್ತು. ಅವಳು ಕಣ್ಣು ಮುಚ್ಚಿ ಉರುಳಿಸಿದಳು. ಅದು ಪ್ಲಾಸ್ಟರ್ ಕಲೆಗಳ ಮೇಲೆ ಕುಪ್ಪಳಿಸುತ್ತ ಮೇಜಿನಂಚಿನವರೆಗೆ ಹೋಗಿ ನಿಂತಿತು.

ಎರಡು.

ಇಪ್ಪತ್ತರಲ್ಲಿ ಎರಡು. ಅವನಿಗೆ ಅಳು ಬಂತು. “ಅಕ್ಕ, ಇದು ಬರೀ ಆಟ ಕಣೇ...”

“ಏನು ಬಿತ್ತೋ?” ಅವಳು ಕಣ್ಣು ತೆರೆದಿರಲಿಲ್ಲ.

ಸುಳ್ಳು ಹೇಳಬಹುದಿತ್ತು. ಹೇಳಲು ಬಾಯಿಯನ್ನೂ ತೆರೆದ. ಆಗಲಿಲ್ಲ. “ಎರಡು,” ಎಂದ. “ಕೋಪ ಇಳಿದಿಲ್ಲ. ಅವನು... ಅವನು ಮುಖ ಆ ಕಡೆ ತಿರುಗಿಸ್ಕೊಂಡು ಕೂತಿದ್ದಾನೆ.”

ಅಕ್ಕನ ಭುಜ ಅದುರಿತು. ಅಳುತ್ತಿದ್ದಾಳೆಂದು ಅವನು ಎದ್ದು ಹತ್ತಿರ ಹೋದ. ಕೆನ್ನೆಯ ಮೇಲೆ ನೀರಿತ್ತು, ನಿಜ. ಆದರೆ ಅವಳು ನಗುತ್ತಿದ್ದಳು.

“ಹಾಗಾದ್ರೆ ಅವರೇ ಕಣೋ!” ಎಂದಳು. “ಇಳೀತು ಅಂದಿದ್ರೆ ನಾನು ನಂಬ್ತಾನೇ ಇರ್ಲಿಲ್ಲ. ಮದುವೆಯಾದಾಗಿನಿಂದ ಆ ಮನುಷ್ಯನ ಕೋಪ ಕೇಳಿದ ತಕ್ಷಣ ಯಾವತ್ತು ಇಳಿದಿದೆ? ಪಕ್ಕದಲ್ಲಿ ಹೋಗಿ ಕೂರಬೇಕು, ಮಾತಾಡಬಾರದು. ಅವರೇ ಮೆಲ್ಲಗೆ ಸರಿಯಾಗ್ತಾರೆ.”

ಮೂಗು ಒರೆಸಿಕೊಂಡಳು. ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡಳು.

“ದಳವಾಯಿ ಹೋಗಿ ಆ ಬೆಂಚಿನ ಮೇಲೆ ಅವರ ಪಕ್ಕ ಕೂತಳು,” ಎಂದಳು. “ನಾನಿಲ್ಲಿ ಕೂತಿರ್ತೀನಿ. ನೀವು ಊಟಕ್ಕೆ ಏನಿದೆ ನೋಡಿ.”