ನಲವತ್ತು ಕಾರ್ಡುಗಳ ಒಗೆದ ಬಟ್ಟೆ

ಇಸ್ತ್ರಿ ಅಕ್ಕನಿಗೆ ಸಿಟ್ಟು ಬಂದರೆ ಪೆಟ್ಟಿಗೆಗೆ ಕೆಂಡವೇ ಬೇಡ, ಅವಳು ದಿಟ್ಟಿಸಿದರೆ ಸಾಕು, ಅಂಗಿಯ ಸುಕ್ಕು ಹೆದರಿ ತಾನೇ ಬಿಟ್ಟುಕೊಳ್ಳುತ್ತದೆ ಎಂದು ಬೀದಿಯವರು ಹೇಳುತ್ತಾರೆ. ಆದರೆ ಮೂರು ಬೀದಿಯಾಚೆಯ ಒಲೆಗಳ ಮೇಲೆ ಹಾಲು ಉಕ್ಕುವಂಥ ಸಿಟ್ಟು ಅವಳಿಗೆ ಬಂದದ್ದು ಒಂದೇ ಸಲ. ಕಾರಣ ಒಂದು ಹಳದಿ ಚಡ್ಡಿ.

ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದ ಅಣ್ಣ ಯಾವುದೋ ಬಂದರಿನಿಂದ ಚಿತ್ರದ ಪೋಸ್ಟ್‌ಕಾರ್ಡು ಹಾಕಿದ್ದ. ಭರ್ಜರಿ ದೀಪಸ್ತಂಭ, ನೀಲಿ ಸಮುದ್ರ. ಬಲ ಅಂಚಿನಲ್ಲಿ, ಫೋಟೋದವನ ಕಣ್ತಪ್ಪಿ ಉಳಿದ ಹಗ್ಗದ ಮೇಲೆ ಒಂದು ಹಳದಿ ಚಡ್ಡಿ. ಹಿಂದೆ ಬರೆದಿದ್ದ: ‘ತಂಗಿ, ಇಲ್ಲೂ ಒಗೀತಾರೆ. ನಿನ್ನಂಗೆ ಇಸ್ತ್ರಿ ಮಾಡೋರು ಮಾತ್ರ ಸಿಗಲಿಲ್ಲ.’ ಆ ಪ್ರಯಾಣದಿಂದ ಕಾರ್ಡು ಬಂತು, ಅಣ್ಣ ಬರಲಿಲ್ಲ.

ಅಂದಿನಿಂದ ಇಪ್ಪತ್ತೆಂಟು ವರ್ಷ ಅಕ್ಕ ಒಗೆದ ಬಟ್ಟೆ ಕಾಣುವ ಕಾರ್ಡುಗಳನ್ನೇ ಕೂಡಿಟ್ಟಳು. ಊರೂರು ಸುತ್ತುವ ಗಿರಾಕಿಗಳು ಹುಡುಕಿ ಹುಡುಕಿ ಕಳಿಸುತ್ತಿದ್ದರು. ಅರಮನೆಯ ಕಿಟಕಿಯಲ್ಲಿ ಕಾಲುಚೀಲ, ಕೋಟೆಯ ಬುರುಜಿನ ಮೇಲೆ ಲಂಗ. ದಿನಕ್ಕೊಂದನ್ನು ಅಂಗಡಿ ಮೇಜಿನ ಗಾಜಿನಡಿ ಇಡುವಳು, ಜನ ಅಂಗಿ ಕೊಡುವುದನ್ನೂ ಮರೆತು, “ಇವತ್ತೆಲ್ಲಿದೆ ಅಕ್ಕ ಬಟ್ಟೆ?” ಎಂದು ಮೂಗು ಗಾಜಿಗೆ ಒತ್ತಿ ಹುಡುಕುವರು. ಆ ಗಾಜಿನ ಮೇಲಿನ ಮೂಗಿನ ಗುರುತು ಒರೆಸಿ ಒರೆಸಿಯೇ ಅವಳ ತೋಳು ಗಟ್ಟಿಯಾಯಿತಂತೆ.

ಗ್ರಂಥಾಲಯದ ಸಾಹೇಬರು ಪ್ರದರ್ಶನಕ್ಕೆಂದು ನಲವತ್ತು ಕಾರ್ಡು ಕೇಳಿ ಒಯ್ದರು. ಪ್ರದರ್ಶನದ ದಿನ ಬೆಳಿಗ್ಗೆ ಅಕ್ಕ ಅವರ ಭಾಷಣದ ಅಂಗಿಯನ್ನು ಇಸ್ತ್ರಿ ಮಾಡಿ, ತಾನೇ ಹಿಡಿದುಕೊಂಡು ಹೋದಳು. ಗೋಡೆಯ ತುಂಬ ಒಂದೇ ಅಳತೆಯ ಚೌಕಟ್ಟುಗಳು. ಒಂದು ಸುತ್ತು ಬಂದಳು. ಇನ್ನೊಂದು ಸುತ್ತು ಬಂದಳು.

“ಬಟ್ಟೆ ಎಲ್ಲಿ ಸಾರ್?”

“ಅದಾ! ನೋಟಕ್ಕೆ ಅಡ್ಡ ಬರ್ತಿತ್ತು ಅಕ್ಕ. ಚೌಕಟ್ಟಿಗೂ ಕೂರ್ತಿರ್ಲಿಲ್ಲ. ನಾನೇ ಕೂತು ನೀಟಾಗಿ ಕತ್ತರಿಸಿಬಿಟ್ಟೆ.”

“ನಲವತ್ತೂ?”

“ನಲವತ್ತೂ!” ಸಾಹೇಬರ ಮುಖ ಹೊಗಳಿಕೆಗೆ ಕಾದಿತ್ತು.

“ಅರಮನೆ ನೋಡಕ್ಕಾ ನಾನು ಇಷ್ಟು ವರ್ಷ ಕೂಡಿಟ್ಟಿದ್ದು? ಅರಮನೆ ಯಾರು ಬೇಕಾದ್ರೂ ನೋಡ್ತಾರೆ. ಅಲ್ಲಿ ಬಟ್ಟೆ ಒಗೆಯೋಳನ್ನ ಯಾರು ಸಾರ್ ನೋಡ್ತಾರೆ?”

ದೀಪಸ್ತಂಭದ ಕಾರ್ಡನ್ನು ಚೌಕಟ್ಟಿನಿಂದ ಬಿಡಿಸಿ ತಿರುವಿದಳು. ‘ಇಲ್ಲೂ ಒಗೀತಾರೆ’ ಇತ್ತು. ‘ತಂಗಿ’ ಇರಲಿಲ್ಲ.

ಅಕ್ಕ ಮೇಜಿನ ಮೇಲಿದ್ದ ಕತ್ತರಿಯನ್ನು ಎತ್ತಿಕೊಂಡು, ತಾನು ತಂದಿದ್ದ ಸಾಹೇಬರ ಅಂಗಿಯ ಕುತ್ತಿಗೆಪಟ್ಟಿಗೆ ಹಿಡಿದಳು.

“ಈ ಕಾಲರೂ ನೋಟಕ್ಕೆ ಅಡ್ಡ ಬರ್ತಿದೆ. ತೆಗೆದುಬಿಡ್ಲಾ? ನೀಟಾಗಿ?”

“ಅಯ್ಯೋ ಅಕ್ಕ, ಅದೊಂದೇ ಒಳ್ಳೆ ಅಂಗಿ!”

“ನಂಗೂ ಒಬ್ನೇ ಅಣ್ಣ. ಹುಡುಕಿ.”

ಸಾಹೇಬರು ಕಸದ ಬುಟ್ಟಿಯೊಳಗೆ ಸೊಂಟದವರೆಗೂ ಇಳಿದರು. ಮೂವತ್ತೊಂಬತ್ತು ಚೂರುಗಳು ಸಿಕ್ಕವು. ನಲವತ್ತನೆಯದಕ್ಕೆ ಕಪಾಟುಗಳನ್ನೆಲ್ಲ ಜರುಗಿಸಿ, ಸೋತು, ಕುರ್ಚಿಯಲ್ಲಿ ಕಾಲು ಚಾಚಿದಾಗ ಅಕ್ಕನ ಕಣ್ಣಿಗೆ ಬಿತ್ತು: ಅವರದೇ ಬೂಟಿನ ಅಡಿಗೆ, ಗೋಂದಿನ ಸಮೇತ ಅಂಟಿಕೊಂಡಿದ್ದ ಹಳದಿ ಚಡ್ಡಿ! ಬೂಟು ಬಿಚ್ಚಿಸಿ, ಬೆಚ್ಚಗಿನ ನೀರು ತರಿಸಿ, ಹಸುಗೂಸಿನ ಮುಖ ಒರೆಸುವಂತೆ ಬಿಡಿಸಿಕೊಂಡಳು. ‘ತಂಗಿ’ ಅಳಿಸಿರಲಿಲ್ಲ.

“ಅಂಟಿಸಿಕೊಡ್ಲಾ ಅಕ್ಕ?”

“ಮುಟ್ಟಿ ನೋಡಿ!”

ಸಂಜೆ ಹೊತ್ತಿಗೆ ಸಭಾಂಗಣದ ಉದ್ದಕ್ಕೂ ಒಂದು ಹಗ್ಗ ಎಳೆದು, ನಲವತ್ತೂ ಚೂರುಗಳನ್ನು ಬಟ್ಟೆ ಕ್ಲಿಪ್ಪಿನಲ್ಲಿ ನೇತುಹಾಕಿದಳು. ಜನ ಚೌಕಟ್ಟುಗಳ ಕಡೆ ಕತ್ತು ಕೂಡ ತಿರುಗಿಸದೆ ಹಗ್ಗಕ್ಕೆ ಮುತ್ತಿಕೊಂಡರು. ಅದನ್ನು ಕಂಡ ಸಾಹೇಬರು ವೇದಿಕೆ ಹತ್ತಿ, ಗರಿಗರಿ ಕಾಲರು ಸರಿಪಡಿಸಿಕೊಂಡು, “ಇದು ನನ್ನದೊಂದು ಹೊಸ ಪ್ರಯೋಗ” ಎಂದುಬಿಟ್ಟರು!

ದೀಪಸ್ತಂಭವೂ ಚಡ್ಡಿಯೂ ಈಗ ಅಂಗಡಿಯ ಗಾಜಿನಡಿ ಅಕ್ಕಪಕ್ಕ ಇವೆ. ಸಾಹೇಬರ ಅಂಗಿಗಳು ಮಾತ್ರ ಅಂದಿನಿಂದ ಇಂದಿನವರೆಗೂ ಒಂದು ತೋಳು ಇಸ್ತ್ರಿಯಾಗದೆ ಮುದ್ದೆಮುದ್ದೆಯಾಗಿಯೇ ಮನೆ ಸೇರುತ್ತವೆ. ಕೇಳಿದರೆ ಅಕ್ಕ ತಲೆ ಎತ್ತದೆ ಹೇಳುತ್ತಾಳೆ:

“ಹೊಸ ಪ್ರಯೋಗ ಸಾರ್.”