ಬಾಗಿಲಿಗೆ ಎದುರಾದ ಕುರ್ಚಿ

ಡೆಲ್ಮರ್ ಸ್ಟ್ರೌಡ್ ಒಂಬತ್ತು ವರ್ಷ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡು ಓಡಾಡಿದ. ಒಂದು ದಿನವೂ ಅದನ್ನು ಹೊರಗೆ ತೆಗೆಯಲಿಲ್ಲ, ಒಬ್ಬರಿಗೂ ತೋರಿಸಿ ಹೆದರಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಮಾತು ಶುರು ಮಾಡಿದ ಕೂಡಲೇ ಕೇಳುವವರು ಕೊನೆಗೆ ಯಾರಿಗೆ ಗುಂಡು ಬಿತ್ತು ಅಂತ ಕಾಯುತ್ತಾ ಕೂರುತ್ತಾರೆ. ಯಾರಿಗೂ ಬೀಳಲಿಲ್ಲ. ಆದರೂ ಆಗಬಾರದ್ದು ಆಯಿತು. ನನ್ನ ಹೋಟೆಲಿನಲ್ಲೇ ಆಯಿತು, ಅದರಲ್ಲಿ ನನ್ನ ಪಾಲೂ ಇದೆ.

ಓಕ್ಲಹೋಮಾದ ಈ ಸಣ್ಣ ಊರಿನಲ್ಲಿ ದನದ ಸಂತೆಯ ಎದುರಿಗೆ ನಾನು ಹೋಟೆಲು ಇಟ್ಟು ಮೂವತ್ತು ವರ್ಷವಾಯಿತು. ನನ್ನ ತಮ್ಮ ರಾಯ್ಸ್ ಒಲೆ ನೋಡಿಕೊಳ್ಳುತ್ತಾನೆ, ನಾನು ಗಿರಾಕಿಗಳನ್ನು ನೋಡಿಕೊಳ್ಳುತ್ತೇನೆ. ಡೆಲ್ಮರ್ ಆ ಸಂತೆಯಲ್ಲಿ ಹರಾಜು ಕೂಗುವವನು. ನಾವಿಬ್ಬರೂ ಒಂದೇ ತರಗತಿಯಲ್ಲಿ ಓದಿದವರು. ನಮ್ಮ ಕಡೆ ದನ ಕೊಳ್ಳುವ ಮುದುಕರು ಕೈ ಎತ್ತಿ ಬೆಲೆ ಕೂಗುವುದಿಲ್ಲ, ಪಕ್ಕದವನಿಗೆ ಗೊತ್ತಾಗಬಾರದಲ್ಲ. ಒಬ್ಬ ಹುಬ್ಬು ಹಾರಿಸುತ್ತಾನೆ, ಇನ್ನೊಬ್ಬ ತುಟಿ ಒತ್ತುತ್ತಾನೆ, ಅಷ್ಟೇ. ಇನ್ನೂರು ಜನರ ನಡುವೆ ಯಾರ ಹುಬ್ಬು ಹಾರಿತು ಅಂತ ಡೆಲ್ಮರ್‌ಗೆ ಒಂದು ಸಲವೂ ತಪ್ಪುತ್ತಿರಲಿಲ್ಲ. ಅವನ ಹೆಂಡತಿ ಒಲೀಟಾ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಒಲೀಟಾ ನಕ್ಕರೆ ರಸ್ತೆಯಾಚೆ ಸಂತೆಯ ದನಗಳು ತಲೆ ಎತ್ತುತ್ತವೆ ಅಂತ ರಾಯ್ಸ್ ಹೇಳುತ್ತಿದ್ದ. ಪ್ರತಿ ಶನಿವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ನನ್ನಲ್ಲಿಗೆ ತಿಂಡಿಗೆ ಬರುತ್ತಿದ್ದರು.

ಪಕ್ಕದ ಜಿಲ್ಲೆಯ ಹರಾಜುಗಾರನೊಬ್ಬನನ್ನು ಯಾರೋ ಹೆದ್ದಾರಿಯಲ್ಲಿ ಅಡ್ಡಹಾಕಿ ಹೊಡೆದರು, ಅದಾದ ಮೇಲೆ ಡೆಲ್ಮರ್ ತರಬೇತಿಗೆ ಹೋಗಿ, ಪರವಾನಗಿ ಮಾಡಿಸಿಕೊಂಡು, ಪಿಸ್ತೂಲು ಕೊಂಡ. ಮೊದಲ ಶನಿವಾರ ಅಂಗಿ ಸ್ವಲ್ಪ ಎತ್ತಿ ನನಗೆ ತೋರಿಸಿದ.

"ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ," ಅಂದೆ ನಾನು. "ನನ್ ಹೋಟೆಲ್ಗೆ ಯಾರ್ ಬರ್ತಾರೆ ಅಂತ ಇದು? ಮೊಟ್ಟೆ ಕಳ್ಳರಾ?"

"ಕೊಡೆ ಅಂತಲೇ ತಿಳ್ಕೊಳೇ. ಮಳೆ ಬರ್ಲಿ ಅಂತ ಯಾರಾದ್ರೂ ಕೊಡೆ ಇಟ್ಕೋತಾರಾ?"

"ಇವನಿಗೆ ಹೊಟ್ಟೆ ಬಂದಿದೆ ಅಂತ ನಾನು ಹೊಸ ಅಂಗಿ ತಂದೆ, ಈಗ ನೋಡಿದ್ರೆ ಇದಕ್ಕೂ ಜಾಗ ಮಾಡ್ಬೇಕು," ಅಂತ ಒಲೀಟಾ ನಕ್ಕಳು.

ನಾನು ಹೇಳಿದರೆ ನಂಬಲಿಕ್ಕಿಲ್ಲ, ಮೊದಲ ಎರಡು ವರ್ಷ ಆ ಪಿಸ್ತೂಲು ಅವನನ್ನು ಒಳ್ಳೆಯವನನ್ನಾಗಿಯೇ ಮಾಡಿತು. ಅದಕ್ಕೆ ಮುಂಚೆ ಡೆಲ್ಮರ್‌ನ ಕೋಪ ಮೂಗಿನ ತುದಿಯಲ್ಲಿರುತ್ತಿತ್ತು. ಗಾಡಿ ನಿಲ್ಲಿಸುವ ಜಾಗಕ್ಕೆ ಜಗಳ, ಫುಟ್‌ಬಾಲ್ ಪಂದ್ಯಕ್ಕೆ ಜಗಳ. ನನ್ನ ಹೋಟೆಲಿನ ಅಂಗಳದಲ್ಲೇ ಒಬ್ಬನ ಹಲ್ಲು ಉದುರಿಸಿದ್ದ. ಪಿಸ್ತೂಲು ಬಂದ ಮೇಲೆ ಆ ಡೆಲ್ಮರ್ ಎಲ್ಲಿ ಹೋದನೋ. ಯಾರೋ ಅವನ ಪಿಕಪ್ ಗಾಡಿಗೆ ಉದ್ದಕ್ಕೂ ಗೀರು ಎಳೆದು, ಮೇಲಿಂದ ಅವನಿಗೇ ಬೈದರೂ, ಪರವಾಗಿಲ್ಲ ಬಿಡಿ ಅಂತ ಬದಿಗೆ ಸರಿದು ನಿಂತ. ಬಿಯರ್ ಬಿಟ್ಟ. ಏನಾಯ್ತೋ ನಿನಗೆ ಅಂತ ನಾನು ಕೇಳಿದೆ.

"ಸೊಂಟದಲ್ಲಿ ಇದಿದ್ರೆ ಜಗಳ ಆಡೋ ಹಕ್ಕು ಇರಲ್ಲ ನೆಲ್ಡಾ. ಒಂದ್ ಮಾತಿಗೆ ಒಂದ್ ಮಾತು ಬೆಳೆದ್ರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತೋ ಯಾರಿಗೆ ಗೊತ್ತು? ಸೋತು ಮನೆಗೆ ಹೋಗೋದೇ ವಾಸಿ."

ಊರೆಲ್ಲ ಹೊಗಳಿತು, ನಾನೂ ಹೊಗಳಿದೆ. "ಇಪ್ಪತ್ತೆಂಟು ವರ್ಷ ನಾನ್ ಬಾಯಿ ಬಡ್ಕೊಂಡ್ರೂ ಆಗ್ದಿದ್ದನ್ನ ಒಂದೂವರೆ ಪೌಂಡ್ ಕಬ್ಬಿಣ ಮಾಡ್ತು ನೋಡೇ," ಅಂತ ಒಲೀಟಾ ಹೇಳಿಕೊಂಡು ತಿರುಗಿದಳು.

ಆಮೇಲೆ ಬಂತು ಈ ಕುರ್ಚಿಯ ರಗಳೆ. ಪಿಸ್ತೂಲು ಇಟ್ಟುಕೊಂಡವರು ಬಾಗಿಲಿಗೆ ಬೆನ್ನು ಹಾಕಿ ಕೂರುವುದಿಲ್ಲ, ಒಳಗೆ ಬರುವವರು ಕಣ್ಣಿಗೆ ಬೀಳಬೇಕು. ಒಂದು ಮಧ್ಯಾಹ್ನ ಅವನೂ ಅಂಥ ಇಬ್ಬರು ಗೆಳೆಯರೂ ಊಟಕ್ಕೆ ಬಂದರು. ಮೂವರೂ ಮೇಜಿನ ಒಂದೇ ಬದಿಗೆ, ಭುಜಕ್ಕೆ ಭುಜ ಒತ್ತಿಕೊಂಡು, ಬಾಗಿಲ ಕಡೆ ಮುಖ ಮಾಡಿ ಕೂತರು. ಎದುರಿಗೆ ಮೂರು ಕುರ್ಚಿ ಖಾಲಿ.

"ಬಸ್ಸು ಹೊರಟಿತಾ? ಮುಂದಿನ ಸ್ಟಾಪಲ್ಲಿ ಯಾರ್ ಇಳೀತೀರಪ್ಪಾ?" ಅಂದೆ.

ಗೆಳೆಯರು ನಕ್ಕರು. ಡೆಲ್ಮರ್ ನಗಲಿಲ್ಲ. "ಬೆನ್ನಿಗೆ ಕಣ್ಣಿಲ್ಲ ನೆಲ್ಡಾ," ಅಂದ.

ಹಳೇ ಗಿರಾಕಿ, ಹೋಗಲಿ ಅಂತ ನಾನೇ ಮೂಲೆಯ ಮೇಜನ್ನು ಶನಿವಾರಕ್ಕೆ ಅವನಿಗೆ ಕಾದಿರಿಸಿದೆ. ಹಿಂದೆ ಗೋಡೆ, ಎದುರಿಗೆ ಬಾಗಿಲು. ಒಲೀಟಾಗೆ ಬಾಗಿಲಿಗೆ ಬೆನ್ನಾದ ಕುರ್ಚಿ. ನೋಡುವವರಿಗೆ ಗಂಡ ಹೆಂಡತಿ ಎದುರುಬದುರು ಕೂತ ಹಾಗೆಯೇ ಕಾಣುತ್ತಿತ್ತು. ಆದರೆ ಅವನ ಕಣ್ಣು ಅವಳ ಕಿವಿಯ ಪಕ್ಕದಿಂದ ದಾಟಿ ಬಾಗಿಲಿಗೆ ಹೋಗಿ ಅಲ್ಲೇ ಇರುತ್ತಿತ್ತು. ಒಳಗೆ ಬಂದವರ ಮುಖವನ್ನೂ ಅವನು ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದ. ಕೈ ಜೇಬಿನಲ್ಲಿದೆಯಾ, ಹೊರಗಿದೆಯಾ. ಸಂತೆಯಲ್ಲೂ ಅದೇ ಚಾಳಿ ಹತ್ತಿತು. ಹುಬ್ಬು ಹಾರಿಸಿ ಹಾರಿಸಿ ಹಣೆ ನೋವು ಬಂತು, ಇವನು ನೋಡೋದೇ ಇಲ್ಲ ಅಂತ ಮುದುಕರು ನನ್ನ ಹತ್ತಿರ ಗೊಣಗುತ್ತಿದ್ದರು. ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಅಂತಾರಲ್ಲ, ಅವನಿಗೆ ಹಾಗಾಗಿತ್ತು. ಬಾಗಿಲು ತಳ್ಳಿಕೊಂಡು ಬಂದವನು ಯಾರೇ ಆಗಲಿ, ಹೊರಗೆ ಹೋಗುವತನಕ ಅವನ ಮೇಲೆ ಅನುಮಾನ.

ಒಲೀಟಾ ಒಂದು ಸಲ ಉದ್ದ ಕೂದಲು ಕತ್ತರಿಸಿಕೊಂಡು ಬಂದಳು. ನನಗೆ ಬಾಗಿಲಲ್ಲೇ ಗೊತ್ತಾಯಿತು. ಡೆಲ್ಮರ್‌ಗೆ ಗೊತ್ತಾಗಿದ್ದು ನಾಲ್ಕನೆಯ ದಿನವಂತೆ.

"ಭಯ ಆಗುತ್ತೇನೋ ನಿನಗೆ ಅಂತ ಕೇಳ್ದೆ ಕಣೇ," ಅಂತ ಅವಳು ನನ್ನ ಹತ್ತಿರ ಹೇಳಿದಳು. "ಇಲ್ಲ, ನಿನ್ನನ್ನ ಕಾಯ್ತಾ ಇದೀನಿ ಅಂದ. ಅದಕ್ಕೇನ್ ಹೇಳ್ಲಿ? ಹೊಡೆಯೋ ಗಂಡ ಅಲ್ಲ, ಕುಡಿಯೋ ಗಂಡ ಅಲ್ಲ. ಕಾಯ್ತಾನೆ. ನನ್ ಕಡೆ ನೋಡೋದಿಲ್ಲ, ಅಷ್ಟೇ."

ಅವತ್ತೇ ನಾನು ಅವನ ಹತ್ತಿರ ಮಾತಾಡಬೇಕಿತ್ತು. ಆ ಮೇಜನ್ನಾದರೂ ಅಲ್ಲಿಂದ ಎಳೆದು ಹಾಕಬೇಕಿತ್ತು. ಬೇರೆಯವರ ಸಂಸಾರ ನನಗ್ಯಾಕೆ ಅಂತ ಸುಮ್ಮನಾದೆ. ಊರಿನವರ ಕಥೆಗೆಲ್ಲ ಬಾಯಿ ಹಾಕುವ ನಾನು, ಬಾಯಿ ಹಾಕಲೇಬೇಕಾದ ಕಡೆ ಬಾಯಿಗೆ ಬೀಗ ಹಾಕಿಕೊಂಡೆ.

ಅವರ ಮನೆಯಲ್ಲಿ ಒಂದು ನಿಯಮವೂ ಇತ್ತು. ಹೊರಗೆ ಹೋದಾಗ ಅವನು ತಗ್ಗಿದ ದನಿಯಲ್ಲಿ "ಸುಮ್ನಿರು" ಅಂದರೆ ಅವಳು ಅಲ್ಲಾಡಬಾರದು, ತಿರುಗಬಾರದು, ಏನು ಅಂತ ಕೇಳಬಾರದು. ತರಬೇತಿಯಲ್ಲಿ ಹೇಳಿಕೊಟ್ಟದ್ದೋ, ತಾನೇ ಮಾಡಿಕೊಂಡದ್ದೋ ಗೊತ್ತಿಲ್ಲ. ವರ್ಷಕ್ಕೆ ಎರಡು ಮೂರು ಸಲ ಹಾಗೆ ಹೇಳುತ್ತಿದ್ದ. ಏನೂ ಆಗುತ್ತಿರಲಿಲ್ಲ.

ಒಂಬತ್ತನೆಯ ವರ್ಷದ ಅಕ್ಟೋಬರ್ ತಿಂಗಳ ಒಂದು ಶನಿವಾರ. ಹೋಟೆಲು ತುಂಬಿತ್ತು. ಎಂಟೂ ಹತ್ತಕ್ಕೆ ನಾನು ಅವರ ಮೇಜಿಗೆ ಕಾಫಿ ಹಾಕಿದೆ. ಗಡಿಯಾರ ಅವರ ತಲೆಯ ಮೇಲೇ ಇದೆ, ಅದಕ್ಕೇ ನೆನಪು. "ನಿನ್ ಗಂಡ ನಿನ್ನನ್ ಬಿಟ್ಟು ನನ್ ಬಾಗಿಲನ್ನೇ ಕಟ್ಕೊಂಡ ಕಣೇ," ಅಂತ ಒಲೀಟಾಗೆ ಹೇಳಿದೆ. ಅವಳು ಬಾಯಿ ತುಂಬ ನಕ್ಕಳು. "ನಿನ್ ಬಾಗಿಲಿಗೆ ಅಡುಗೆ ಬರುತ್ತಾ ಕೇಳು, ಬಂದ್ರೆ ಕರ್ಕೊಂಡ್ ಹೋಗ್ಲಿ," ಅಂದಳು. ಡೆಲ್ಮರ್ ಬಾಗಿಲನ್ನೇ ನೋಡುತ್ತಿದ್ದ.

ಐದು ನಿಮಿಷ ಕಳೆದಿರಬಹುದು. ಊರಲ್ಲಿ ಯಾರೂ ಹಿಂದೆ ನೋಡಿರದ ಒಬ್ಬ ಮನುಷ್ಯ ಒಳಗೆ ಬಂದ. ದಪ್ಪ ಜಾಕೆಟ್ಟು, ಬಲಗೈ ಜೇಬಿನಲ್ಲಿ. ಕೂರಲಿಲ್ಲ, ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತ. ಅವನು ಫೋನಿನಲ್ಲಿ ನಾಲ್ಕು ಪೆಕಾನ್ ಪೈ, ಅದೇ ಬೀಜ ಹಾಕಿದ ಸಿಹಿ, ಹೇಳಿಟ್ಟಿದ್ದ. ಅವು ಇನ್ನೂ ಒಲೆಯಲ್ಲಿವೆ, ಸ್ವಲ್ಪ ನಿಲ್ಲಪ್ಪಾ ಅಂತ ರಾಯ್ಸ್ ಅಡುಗೆಮನೆಯ ಕಿಟಕಿಯಿಂದ ಹೇಳಿದ್ದ. ಮೂಲೆಯ ಮೇಜಿಗೆ ಅದು ಕೇಳಿಸಿರಲಿಲ್ಲ. ಅಲ್ಲಿ ಡೆಲ್ಮರ್ "ಸುಮ್ನಿರು" ಅಂದ.

ಒಲೀಟಾ ಸುಮ್ಮನಿದ್ದಳು. ಅವಳ ಕೈಯಿಂದ ಫೋರ್ಕು ಜಾರಿ ಕೆಳಗೆ ಬಿತ್ತು. "ಡೆಲ್" ಅಂತ ಏನೋ ಅಂದಳಂತೆ. ಅವನು ಕಣ್ಣು ಕದಲಿಸದೆ ಇನ್ನೊಂದು ಸಲ "ಸುಮ್ನಿರು" ಅಂದ. ಇಪ್ಪತ್ತೈದು ನಿಮಿಷ ಹೀಗೇ ಕಳೆಯಿತು. ಪೈಗಳು ಬಂದವು. ಆ ಮನುಷ್ಯ ಡಬ್ಬಿ ಹಿಡಿಯಲು ಜೇಬಿನಿಂದ ಕೈ ತೆಗೆದಾಗ ನೋಡಿದೆ, ಎರಡು ಬೆರಳಿರಲಿಲ್ಲ. ಹುಲ್ಲು ಕಟ್ಟುವ ಯಂತ್ರಕ್ಕೆ ಸಿಕ್ಕಿ ಹೋದವಂತೆ, ನಾಚಿಕೆಗೆ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ. ಥ್ಯಾಂಕ್ಸ್ ಹೇಳಿ ಹೋದ. ಅವನ ಗಾಡಿ ರಸ್ತೆಗೆ ಇಳಿಯುವತನಕ ಡೆಲ್ಮರ್ ಕಿಟಕಿಯಲ್ಲಿ ನೋಡಿದ.

ನಾನು ಮತ್ತೆ ಕಾಫಿ ಹಿಡಿದುಕೊಂಡು ಹೋದೆ. ಒಲೀಟಾಳ ಬಾಯಿ ಬಲಕ್ಕೆ ಜೋತುಬಿದ್ದಿತ್ತು, ಕಾಫಿ ಅಲ್ಲಿಂದ ಸೋರಿ ಕೊರಳಿಗೆ ಇಳಿದಿತ್ತು. ಕಣ್ಣು ಮಾತ್ರ ತೆರೆದೇ ಇತ್ತು. ಅವಳು ಡೆಲ್ಮರ್‌ನನ್ನೇ ನೋಡುತ್ತಿದ್ದಳು.

"ಅಯ್ಯೋ ಡೆಲ್ಮರ್, ಅವಳ ಮುಖ ನೋಡೋ!" ಅಂತ ಕಿರುಚಿದೆ.

ಆಂಬುಲೆನ್ಸ್ ಬರಲು ಮುಕ್ಕಾಲು ಗಂಟೆ ಬೇಕು ಅಂದರು. ಅವನು ಕಾಯಲಿಲ್ಲ. ಅವಳನ್ನು ಎತ್ತಿಕೊಂಡು ಹೋಗಿ ಪಿಕಪ್ಪಿನಲ್ಲಿ ಕೂರಿಸಿದ. ನಾನೂ ಬರ್ತೀನಿ ಕಣೋ ಅಂತ ಏಪ್ರನ್ ಬಿಚ್ಚತೊಡಗಿದೆ. ಒಳಗಿನಿಂದ ರಾಯ್ಸ್, "ಅಕ್ಕಾ, ಹದಿನಾಲ್ಕು ಮೇಜು ತುಂಬಿದೆ, ನಾನೊಬ್ಬನೇ ಏನ್ ಮಾಡ್ಲಿ?" ಅಂತ ಕೂಗಿದ. ನಾನು ಏಪ್ರನ್ ಮತ್ತೆ ಕಟ್ಟಿಕೊಂಡೆ. ಈ ಕೈಯಿಂದಲೇ ಕಟ್ಟಿಕೊಂಡೆ. ತುಲ್ಸಾದ ದೊಡ್ಡಾಸ್ಪತ್ರೆಗೆ ಒಂದೂವರೆ ಗಂಟೆಯ ದಾರಿ, ಅವನೊಬ್ಬನೇ ಓಡಿಸಿಕೊಂಡು ಹೋದ.

ಒಲೀಟಾ ಉಳಿದಳು. ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು.

ಎಂಟು ತಿಂಗಳ ಮೇಲೆ, ಜೂನ್‌ನಲ್ಲಿ, ಡೆಲ್ಮರ್ ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಹೋಟೆಲಿಗೆ ಕರೆತಂದ. ಹರಾಜು ಬಿಟ್ಟಿದ್ದ. ಪಿಸ್ತೂಲು ಬಿಟ್ಟಿರಲಿಲ್ಲ, ಅದಿಲ್ಲದಿದ್ದರೆ ಸೊಂಟ ಬಿದ್ದುಹೋದ ಹಾಗಾಗುತ್ತೆ ಅಂತ ಅವನೇ ಹೇಳಿದ. ಅವಳ ಪಕ್ಕದಲ್ಲಿ ಕೂತು, ಮೊಟ್ಟೆಯನ್ನು ಚೂರು ಮಾಡಿ ಚಮಚದಲ್ಲಿ ತಿನ್ನಿಸಿದ. ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ. ಯಾರು ಬಂದರು, ಯಾರು ಹೋದರು, ಅವನಿಗೆ ಗೊತ್ತೇ ಆಗಲಿಲ್ಲ. ಒಲೀಟಾ ಒಂದೊಂದು ತುತ್ತು ನುಂಗಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ಎಡಗೈಯಲ್ಲಿ ಕರವಸ್ತ್ರ ಹಿಡಿದು ಸೊಟ್ಟಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನನಗೆ ನೋಡಲಾಗದೆ ಕೌಂಟರಿನ ಹಿಂದೆ ಹೋದೆ.

ಸ್ವಲ್ಪ ಹೊತ್ತಿಗೆ ಅವನು ಅಲ್ಲಿಗೇ ಬಂದ.

"ಅವತ್ತು ಡಾಕ್ಟರು ಒಂದೇ ಒಂದ್ ಮಾತು ಕೇಳಿದ್ರು ನೆಲ್ಡಾ," ಅಂದ. "ಇವ್ರು ಕೊನೇ ಸಲ ಸರಿಯಾಗಿದ್ದದ್ದನ್ನ ನೀವು ಎಷ್ಟ್ ಗಂಟೆಗೆ ನೋಡಿದ್ರಿ ಅಂತ. ಅಲ್ಲಿಂದ ನಾಲ್ಕೂವರೆ ಗಂಟೆ ಒಳಗೆ ಆದ್ರೆ ರಕ್ತದ ಗಂಟು ಕರಗಿಸೋ ಔಷಧಿ ಕೊಡಬಹುದಂತೆ. ಮೀರಿದ ಮೇಲೆ ಕೊಟ್ರೆ ತಲೆಯೊಳಗೆ ರಕ್ತ ಸೋರಿ ಸಾಯಬಹುದಂತೆ."

"ನೀನೇನಂದೆ?"

"ಬೆಳಿಗ್ಗೆ ಐದೂವರೆಗೆ ಅಡುಗೆಮನೇಲಿ ಕಪ್ಪು ಬಿದ್ದು ಒಡೆದ ಸದ್ದು ಕೇಳಿಸ್ತು. ನಾನು ಮುಂದಿನ ಕಿಟಕೀಲಿ ಬೀದಿ ನೋಡ್ತಿದ್ದೆ, ಎದ್ದು ಹೋಗ್ಲಿಲ್ಲ. ಆಗಲೇ ಶುರು ಆಗಿತ್ತೋ ಏನೋ. ಇಲ್ಲಿಗೆ ಬರೋವಾಗ ಗಾಡಿ ಹಿಂದೆ ಒಂದು ಕಾರು ಬರ್ತಿತ್ತು, ಕನ್ನಡೀಲಿ ಅದನ್ನೇ ನೋಡ್ತಿದ್ದೆ. ಅವಳು ಏನಾದ್ರೂ ಮಾತಾಡಿದ್ಳೋ ಇಲ್ವೋ... ಇಲ್ಲಿಗೆ ಬಂದ ಮೇಲಂತೂ ನಿಂಗೇ ಗೊತ್ತು. ಆ ಮನುಷ್ಯನ ಎತ್ತರ ಹೇಳ್ತೀನಿ, ಬೂಟಿನ ಬಣ್ಣ ಹೇಳ್ತೀನಿ, ಗಾಡಿ ನಂಬರ್ ಈಗ್ಲೂ ಹೇಳ್ತೀನಿ. ಗೊತ್ತಿಲ್ಲ ಡಾಕ್ಟ್ರೇ ಅಂದೆ. ಖಾತ್ರಿ ಇಲ್ದೆ ಹೇಳಿ ಸಾಯಿಸ್ಲಾ? ಐದೂವರೆ ಅಂತಲೇ ಇಟ್ಕೊಂಡ್ರು. ನಾವ್ ತಲುಪಿದ್ದು ಹತ್ತೂಕಾಲು. ಕಾಲು ಗಂಟೆ ಮೀರಿತ್ತು, ಔಷಧಿ ಕೊಡ್ಲಿಲ್ಲ."

ಅವನು ತಲೆ ಬಗ್ಗಿಸಿಕೊಂಡೇ ಕೇಳಿದ.

"ನೀನು ನೋಡಿದ್ಯಾ ಅವಳನ್ನ? ಅವತ್ತು?"

ನೋಡಿಲ್ಲ, ಗಿರಾಕಿಗಳಿದ್ರಲ್ಲ ಅಂತ ಒಂದು ಸುಳ್ಳು ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ಅವನಿಗೂ ಹಗುರ, ನನಗೂ ಹಗುರ. ಆದರೆ ಎಂಟು ತಿಂಗಳಿಂದ ನಾನೂ ಆ ಏಪ್ರನ್ ಮತ್ತೆ ಕಟ್ಟಿಕೊಂಡದ್ದನ್ನು ಎದೆಯಲ್ಲಿ ಇಟ್ಟುಕೊಂಡು ಬೇಯುತ್ತಿದ್ದೆ.

"ನೋಡಿದ್ದೆ ಕಣೋ. ಎಂಟೂ ಹತ್ತಕ್ಕೆ. ಸರಿಯಾಗೇ ಇದ್ಲು. ಮಾತಾಡಿದ್ಲು, ನಕ್ಕಳು. ನಾನು ನಿನ್ ಜೊತೆ ಬಂದಿದ್ರೆ ಡಾಕ್ಟರಿಗೆ ಹೇಳ್ತಿದ್ದೆ, ಔಷಧಿಗೆ ಇನ್ನೂ ಟೈಮಿತ್ತು. ಬರ್ಲಿಲ್ಲ. ತಪ್ಪಾಯ್ತು ಡೆಲ್ಮರ್."

ಬೈಯುತ್ತಾನೆ ಅಂದುಕೊಂಡೆ. ಹಳೆಯ ಡೆಲ್ಮರ್ ಆಗಿದ್ದರೆ ಕೌಂಟರಿನ ಗಾಜು ಪುಡಿ ಮಾಡುತ್ತಿದ್ದ, ಅದನ್ನಾದರೂ ಮಾಡಲಿ ಅಂತ ನಾನು ಕಾದೆ. ಅವನು ಗಾಲಿಕುರ್ಚಿಯ ಕಡೆ ತಿರುಗಿ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ.

"ಹೇಗಿತ್ತೇ?"

"ಏನು?"

"ಅವತ್ತು ಅವಳು ನಕ್ಕಿದ್ದು. ಹೇಗಿತ್ತು?"

ಅವನು ಕಾಯುತ್ತಿದ್ದ, ಹೇಳಿದೆ. ತಲೆ ಹಿಂದಕ್ಕೆ ಹಾಕಿ, ಕಣ್ಣು ಮುಚ್ಚಿ, ಒಂದು ಕೈಯಿಂದ ಮೇಜು ತಟ್ಟುತ್ತಾ ನಕ್ಕಳು ಅಂತ ಹೇಳಿದೆ. ಅವನು ಪೂರ್ತಿ ಕೇಳಿದ. ಕೇಳಿ, ಇನ್ನೊಂದು ಸಲ ಹೇಳು ಅಂದ.