ಅತ್ತೆಯನ್ನು ಕೇಳಿ ಬರೆದ ಕಾರ್ಡು

ಪೊಲೀಸ್ ಕಾರ್ಯಾಚರಣೆಯ ಮರುವರ್ಷ, ಮಾಘದ ಒಂದು ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ. ಕಮಲಾಪುರದ ದವಾಖಾನೆಯಲ್ಲಿ ಇದ್ದವರು: ಸೋಮವಾರಕ್ಕೊಮ್ಮೆ ಕಲಬುರಗಿಯಿಂದ ಬರುವ ಡಾಕ್ಟರು, ಅವರ ನರ್ಸು ನಾನು, ಜೀಪಿನ ಡ್ರೈವರ್. ಅಂಗಳದಲ್ಲಿ ಇಪ್ಪತ್ತೆರಡು ಬಸುರಿಯರು, ಜೊತೆಗೆ ಅವರ ಅತ್ತೆಯಂದಿರು. ಗಲಭೆಯ ದಿನಗಳಿಂದ ಉಳಿದ ದಾರಿಯ ಭಯ ಇನ್ನೂ ಹೋಗಿರಲಿಲ್ಲ. ಕತ್ತಲಾಗುವ ಮೊದಲೇ ಊರು ಸೇರಲು ಮೂರಕ್ಕೆ ಜೀಪು ಹೊರಡಲೇಬೇಕಿತ್ತು.

ಸಮಯ ಉಳಿಸಲು ನಾನು ಸಾಲಿನಲ್ಲೇ ಕಾರ್ಡು ತುಂಬಿಬಿಡುತ್ತಿದ್ದೆ. ಉರ್ದು ಕಾರ್ಡಿನಲ್ಲಿ ರೋಗಿಯ ತೊಂದರೆ ಬರೆಯಲು ‘ಶಿಕಾಯತ್’ ಎಂಬ ಅಂಕಣವಿತ್ತು. ಸೊಸೆಯಂದಿರು ಸೆರಗು ಎಳೆದುಕೊಂಡು ನೆಲ ನೋಡುತ್ತಿದ್ದರು, ಅತ್ತೆಯಂದಿರು ಚಟಪಟ ಉತ್ತರ ಕೊಡುತ್ತಿದ್ದರು. ನಾನೂ ಚಟಪಟ ಬರೆಯುತ್ತಿದ್ದೆ: ಶಿಕಾಯತ್ ಇಲ್ಲ. ರಕ್ತದೊತ್ತಡ ನೋಡುವ ಯಂತ್ರ ಒಂದೇ. ಕಾರ್ಡಿನಲ್ಲಿ ತೊಂದರೆ ಬರೆದಿದ್ದರೆ ಮಾತ್ರ ಡಾಕ್ಟರು ಅದನ್ನು ತೋಳಿಗೆ ಕಟ್ಟುತ್ತಿದ್ದರು. ಅಂದು ಎಲ್ಲರಿಗೂ ಬರೀ ಟಾನಿಕ್.

ಎರಡು ಗಂಟೆಗೆ, ಕೊನೆಗೆ ಉಳಿದಿದ್ದ, ಎಂಟು ತಿಂಗಳು ತುಂಬಿದ ಒಬ್ಬಳನ್ನು ತೂಕಕ್ಕೆಂದು ಪರದೆಯ ಹಿಂದೆ ಕರೆದೊಯ್ದೆ. ಕೈ ಹಿಡಿದರೆ ಎರಡೂ ಕೈಗಳ ಬೆರಳ ತುದಿಗಳಲ್ಲೆಲ್ಲ ಸುಟ್ಟ ಬೊಬ್ಬೆ. ಇದೇನೆಂದು ಕೇಳಿದೆ. ಪರದೆಯಾಚೆಯಿಂದ ಅತ್ತೆಯೇ ಉತ್ತರ ಕೊಟ್ಟಳು.

“ತವರಮನ್ಯಾಗ ರೊಟ್ಟಿ ಮಾಡಲಾಕ ಕಲಿಸಿಲ್ರಿ ಅಕ್ಕೋರೆ. ಕೈ ಸುಟಗೊಂಡು ನಮಗ ತೋರಸ್ತಾಳ.”

ಅಂಗಳದಲ್ಲಿ ಹೊರಟು ನಿಂತಿದ್ದವರು ನಕ್ಕರು. ಹುಟ್ಟಿದಾಗಿನಿಂದ ಜೋಳದ ರೊಟ್ಟಿಯ ಒಲೆ ಕಂಡ ಹುಡುಗಿ ಹೀಗೆ ಎರಡೂ ಕೈ ಸುಟ್ಟುಕೊಳ್ಳುವುದಿಲ್ಲ. ಅವಳ ಕಿವಿಯ ಬಳಿ ಬಾಗಿ ಮತ್ತೆ ಕೇಳಿದೆ.

“ರೊಟ್ಟಿ ಹಂಚೇ ಕಾಣವಲ್ದ್ರಿ,” ಎಂದಳು ಮೆಲ್ಲಗೆ. “ಮೂರ ದಿನ ಆತು, ಕಣ್ಣ ಮುಂದ ಬರೀ ಚುಕ್ಕಿ. ತಲಿ ಸಿಡಿತದ.”

ಅದು ಬಸುರಿಯರಿಗೆ ರಕ್ತದೊತ್ತಡ ಏರಿ ಫಿಟ್ಸ್ ಬರುವ ಮೊದಲಿನ ಲಕ್ಷಣ. ಬಂದರೆ ತಾಯಿ ಮಗು ಇಬ್ಬರೂ ಉಳಿಯುವುದು ಕಷ್ಟ. ಅವಳ ಕಾರ್ಡಿನಲ್ಲಿ ನನ್ನದೇ ಅಕ್ಷರ: ಶಿಕಾಯತ್ ಇಲ್ಲ. ಡಾಕ್ಟರು ಆಗಲೇ ಪೆಟ್ಟಿಗೆ ಮುಚ್ಚುತ್ತಿದ್ದರು. ಕೇಳದ ಹೊರತು ಡಾಕ್ಟರ ಮುಂದೆ ನರ್ಸು ಬಾಯಿ ತೆರೆಯಬಾರದು ಎಂಬುದು ನಮಗೆ ಕಲಿಸಿದ ಮೊದಲ ನಿಯಮ. ನಾನು ಅದನ್ನು ಒಮ್ಮೆಯೂ ಮುರಿದವಳಲ್ಲ.

“ಸಾಹೇಬ್ರೆ, ಈ ಕಾರ್ಡ್ ತಪ್ಪ ಅದ. ನಾನೇ ಬರದೀನ್ರಿ, ಅಕಿನ್ನ ಕೇಳಿಲ್ಲ.”

“ಮತ್ತ ಯಾರನ್ನ ಕೇಳಿದ್ರಿ?”

“ಅತ್ತಿನ್ನ.”

ಅವರು ಯಂತ್ರ ಹೊರತೆಗೆದರು. ಎರಡು ಸಲ ನೋಡಿದರು. ಜೀಪಿನ ಹಿಂದೆ ಹಾಸಿಗೆ ಹಾಸಲು ಡ್ರೈವರ್‌ಗೆ ಹೇಳಿದರು. ಅತ್ತೆ ಅಡ್ಡ ನಿಂತಳು. ಮಗ ಹೊಲದಿಂದ ಬರಲಿ, ಅವನನ್ನು ಕೇಳದೆ ಸೊಸೆಯನ್ನು ಕಳಿಸುವುದಿಲ್ಲ ಎಂದಳು. ಹೊಲ ಎರಡು ಹರದಾರಿ, ಐದಾರು ಮೈಲಿ ದೂರವಿತ್ತು. ಆಸ್ಪತ್ರೆಗೆ ಬರುತ್ತೀಯಾ ಎಂದು ನಾನು ಅತ್ತೆಯ ಎದುರಿಗೇ ಹುಡುಗಿಯನ್ನು ಕೇಳಿದೆ. ಅವಳು ಸೆರಗು ಹಿಂದೆ ಸರಿಸಿ ಮುಖ ಎತ್ತಿದಳು.

“ನಾ ಹೋಗ್ತೀನ್ರಿ.”

ಅತ್ತೆ ಬೈಯುತ್ತಲೇ ಜೀಪು ಹತ್ತಿದಳು.

ನಾಲ್ಕಕ್ಕೆ ಕಲಬುರಗಿ ಸೇರಿದೆವು. ಆಸ್ಪತ್ರೆಯಲ್ಲಿ ಬೆಳಕು ಬೀಳದಂತೆ ಕಿಟಕಿ ಮುಚ್ಚಿದ ಕೋಣೆಯೊಂದರಲ್ಲಿ ಅವಳನ್ನು ಮಲಗಿಸಿದರು. ಫಿಟ್ಸ್ ಬಂದಿರಲಿಲ್ಲ, ಒತ್ತಡವೂ ಇಳಿದಿರಲಿಲ್ಲ. ನಾನು ಉಳಿದ ಇಪ್ಪತ್ತೊಂದು ಕಾರ್ಡುಗಳನ್ನು ಮೇಜಿನ ಮೇಲೆ ಹರಡಿಕೊಂಡೆ. ಅವರಲ್ಲಿ ಇನ್ನು ಯಾರಿಗೆ ಹಂಚು ಕಾಣುತ್ತಿರಲಿಲ್ಲವೋ, ಮುಂದಿನ ಸೋಮವಾರದವರೆಗೆ ನನಗೆ ತಿಳಿಯುವಂತಿರಲಿಲ್ಲ. ಸೊಸೆಯರನ್ನೇ ಕೇಳಿ ಬರೆದದ್ದು ಒಂದೂ ಇರಲಿಲ್ಲ. ಒಂದೊಂದರಲ್ಲೂ ‘ಇಲ್ಲ’ ಎಂಬುದನ್ನು ಹೊಡೆದುಹಾಕಿ ‘ಕೇಳಿಲ್ಲ’ ಎಂದು ಬರೆದು ಸಹಿ ಹಾಕಿದೆ. ಆರೂಕಾಲಿಗೆ ಕೊನೆಯ ಕಾರ್ಡು ಮುಗಿಯಿತು.